ಕಲ್ಲಿನ ಕೋಟೆ, ಕ್ಷಮೆಯ ಕೋಟೆ

ಚಿಕ್ಕಜಾಜೂರು ಜಂಕ್ಷನ್ನಿನಲ್ಲಿ ರೈಲುಹಳಿ ಎರಡಾಗುತ್ತದೆ. ಬೆಂಗಳೂರಿನಿಂದ ಬಂದ ಮಾರ್ಗದ ಒಂದು ಕವಲು ಮಾಯಕೊಂಡವನ್ನು ಹಾದು ದಾವಣಗೆರೆ, ಹುಬ್ಬಳ್ಳಿಗಳತ್ತ ಸಾಗುತ್ತದೆ. ಇನ್ನೊಂದು ಚಿತ್ರದುರ್ಗದ ಕಡೆಗೆ ತಿರುಗಿ, ರಾಯದುರ್ಗವನ್ನು ಮುಟ್ಟಿ ಬಳ್ಳಾರಿ ಸೇರುತ್ತದೆ. ಮಾಯಕೊಂಡದ ಬಯಲಿನಲ್ಲಿ 1748ರಲ್ಲಿ ಚಿತ್ರದುರ್ಗದ ಅರಸು ಹಿರೇ ಮದಕರಿ ನಾಯಕ ನೆರೆಯ ಸಂಸ್ಥಾನಗಳೊಡನೆ ಕಾದಾಡಿ ಮಡಿದನು. ಅಂದು ಎದುರು ನಿಂತ ಪಡೆಗಳಲ್ಲಿ ರಾಯದುರ್ಗದ ಪಡೆಯೂ ಇತ್ತು. ಒಬ್ಬರನ್ನೊಬ್ಬರು ನಾಶಮಾಡಲು ಹೊರಟ ಆ ಊರುಗಳ ಹೆಸರು ಇಂದು ರೈಲುನಿಲ್ದಾಣಗಳ ಹಳದಿ ಫಲಕಗಳ ಮೇಲೆ ಒಂದರ ಹಿಂದೊಂದು ಶಾಂತವಾಗಿ ಬಂದುಹೋಗುತ್ತವೆ. ಅಂದಿನ ವೈರ ಯಾವುದಕ್ಕಾಗಿ ಎಂಬುದು ಪ್ರಯಾಣಿಕರಲ್ಲಿ ಹೆಚ್ಚಿನವರಿಗೆ ತಿಳಿಯದು. ತಿಳಿಯಬೇಕೆಂದು ಯಾರಿಗೂ ಅನಿಸುವುದಿಲ್ಲ.

ಚಿತ್ರದುರ್ಗದ ಬೆಟ್ಟದ ಮೇಲಿನ ಹಾಳು ಕೋಟೆಯನ್ನು ನೋಡಲು ಹೋಗುವವರು ಶೌರ್ಯದ ಕಥೆ ಕೇಳಿ ಮರಳುತ್ತಾರೆ. ಅದು ಕೇಳಲೇಬೇಕಾದ ಕಥೆ. ಆದರೆ ಜಿನಧರ್ಮದ ಹನ್ನೆರಡು ಅನುಪ್ರೇಕ್ಷೆಗಳನ್ನು ಬಲ್ಲವರಿಗೆ ಆ ಕಲ್ಲುಗಳು ಇನ್ನೊಂದು ಪಾಠವನ್ನೂ ಹೇಳುತ್ತವೆ. ಅನುಪ್ರೇಕ್ಷೆ ಎಂದರೆ ಮತ್ತೆ ಮತ್ತೆ ನೋಡುವುದು, ಒಂದೇ ಸತ್ಯವನ್ನು ಮನಸ್ಸಿಗೆ ನಾಟುವವರೆಗೆ ಚಿಂತಿಸುವುದು. ಕುಂದಕುಂದಾಚಾರ್ಯರು ಪ್ರಾಕೃತದಲ್ಲಿಯೂ ಬಂಧುವರ್ಮ, ವಿಜಯಣ್ಣ ಮೊದಲಾದ ಕವಿಗಳು ಕನ್ನಡದಲ್ಲಿಯೂ ಈ ಹನ್ನೆರಡು ಭಾವನೆಗಳನ್ನೇ ವಸ್ತುವಾಗಿಸಿಕೊಂಡು ಗ್ರಂಥ ರಚಿಸಿದ್ದಾರೆ. ಅನಿತ್ಯ, ಅಶರಣ, ಆಸ್ರವ, ಸಂವರ, ನಿರ್ಜರೆ ಎಂಬ ಪದಗಳನ್ನು ಓದಿ ಅರ್ಥ ಮಾಡಿಕೊಳ್ಳುವುದು ಕಷ್ಟವಲ್ಲ. ಕಣ್ಣೆದುರಿಗೆ ಒಂದು ಹಾಳು ಕೋಟೆ ಇದ್ದಾಗ ಅವು ಅರ್ಥದ ಎಲ್ಲೆ ದಾಟಿ ಅನುಭವಕ್ಕೆ ಇಳಿಯುತ್ತವೆ.

ಏಳು ಸುತ್ತು ಏರಿದ ಬಗೆ

ಚಿತ್ರದುರ್ಗದ ಬೆಟ್ಟಗಳ ಕಲ್ಲು 250 ಕೋಟಿ ವರ್ಷಗಳಿಗೂ ಹಳೆಯದು. ಅದರ ಆಯುಸ್ಸಿನ ಮುಂದೆ ಕೋಟೆಯದು ನಿನ್ನೆಮೊನ್ನೆಯ ಮಾತು. ಬೆಟ್ಟದ ಬುಡದ ಚಂದ್ರವಳ್ಳಿಯಲ್ಲಿ ಶಾತವಾಹನರ ಕಾಲದ ನಾಣ್ಯಗಳು ದೊರೆತಿವೆ. ಕದಂಬರ ಮಯೂರಶರ್ಮ ಕೆರೆ ಕಟ್ಟಿಸಿದ್ದನ್ನು ಹೇಳುವ ಶಾಸನ ಅಲ್ಲಿನ ಬಂಡೆಯ ಮೇಲಿದೆ. ಮುಂದೆ ಹೊಯ್ಸಳರ, ವಿಜಯನಗರದ ಅರಸರ ಕಾಲದ ಶಾಸನಗಳೂ ಈ ನೆಲದಲ್ಲಿ ನಿಂತವು. ಬೆಟ್ಟಕ್ಕೆ ಬೆಮ್ಮತ್ತನಕಲ್ಲು ಎಂಬ ಹಳೆಯ ಹೆಸರಿತ್ತು. ಅದು ಚಿತ್ರಕಲ್ಲುದುರ್ಗವೂ ಚಿತ್ರದುರ್ಗವೂ ಆಯಿತು. ಇಂಗ್ಲಿಷರ ಬಾಯಲ್ಲಿ ಚಿತಲ್‌ದ್ರೂಗ್ ಎನಿಸಿಕೊಂಡಿತು. ಒಡೆಯರು ಬದಲಾದಂತೆ ಹೆಸರೂ ಬದಲಾಯಿತು. ಕಲ್ಲು ಮಾತ್ರ ಯಾವ ಹೆಸರಿಗೂ ಓಗೊಡದೆ ಇದ್ದಲ್ಲಿಯೇ ಇದೆ.

1565ರ ರಕ್ಕಸತಂಗಡಿ ಕಾಳಗದಲ್ಲಿ ವಿಜಯನಗರ ಸೋತ ಮೇಲೆ ಅದರ ಅಧೀನದಲ್ಲಿದ್ದ ನಾಯಕರು ತಮ್ಮತಮ್ಮ ನೆಲದಲ್ಲಿ ಸ್ವತಂತ್ರರಾಗತೊಡಗಿದರು. ಮತ್ತಿ ತಿಮ್ಮಣ್ಣನಾಯಕನಿಂದ ಮೊದಲ್ಗೊಂಡ ಚಿತ್ರದುರ್ಗದ ನಾಯಕರ ಮನೆತನ ಇನ್ನೂರು ವರ್ಷಗಳಿಗೂ ಮಿಗಿಲಾಗಿ ಈ ಬೆಟ್ಟವನ್ನು ಆಳಿತು. ಬಂಡೆಗಳ ನಡುವಿನ ತೆರಪುಗಳನ್ನು ಗೋಡೆಯಿಂದ ಮುಚ್ಚುತ್ತ, ಗೋಡೆಯ ಹೊರಗೆ ಮತ್ತೊಂದು ಗೋಡೆಯನ್ನು ಎಬ್ಬಿಸುತ್ತ ಅವರು ಏಳು ಸುತ್ತಿನ ಕೋಟೆಯನ್ನು ಬೆಳೆಸಿದರು. ರಂಗಯ್ಯನ ಬಾಗಿಲು, ಉಚ್ಚಂಗಿ ಬಾಗಿಲು, ಲಾಲ್‌ಕೋಟೆ ಬಾಗಿಲು ಎಂಬ ಹೆಸರುಗಳು ಊರಿನ ಮಾತಿನಲ್ಲಿ ಇಂದಿಗೂ ಇವೆ. ಬಾಗಿಲುಗಳಿಗೆ ನೇರ ದಾರಿಯಿಲ್ಲ. ಒಳಹೊಕ್ಕವನು ಸೊಟ್ಟ ಸೊಟ್ಟ ತಿರುವುಗಳಲ್ಲಿ ನಡೆಯಬೇಕು, ಪ್ರತಿ ತಿರುವಿನಲ್ಲಿಯೂ ಮೇಲಿನಿಂದ ನೋಡುವ ಕಣ್ಣಿಗೆ ಬೀಳಬೇಕು. ಆನೆಯಾಗಲಿ ದಿಮ್ಮಿಯಾಗಲಿ ಓಡಿಬಂದು ಕದಕ್ಕೆ ಹಾಯಲು ಬೇಕಾದ ದೂರ ಅಲ್ಲಿ ಸಿಗದಂತೆ ಕಟ್ಟಿದವರು ನೋಡಿಕೊಂಡಿದ್ದರು.

ಒಳಗೆ ಎಣ್ಣೆಗೆ, ತುಪ್ಪಕ್ಕೆ ಕೊಳಗಳಿದ್ದವು, ಧಾನ್ಯಕ್ಕೆ ಕಣಜಗಳಿದ್ದವು. ಮದ್ದು ಅರೆಯುವ ಭಾರಿ ಬೀಸುವ ಕಲ್ಲುಗಳು ಈಗಲೂ ತಮ್ಮ ಕುಳಿಯಲ್ಲಿವೆ. ಹಿಡಿಂಬೇಶ್ವರ, ಏಕನಾಥೇಶ್ವರಿ, ಸಂಪಿಗೆ ಸಿದ್ಧೇಶ್ವರ, ಗೋಪಾಲಸ್ವಾಮಿ ಗುಡಿಗಳಿಗೆ ಭಕ್ತರು ಇಂದೂ ನಡೆದುಕೊಳ್ಳುತ್ತಾರೆ. ಮನುಷ್ಯನ ಬುದ್ಧಿಗೆ ತೋಚಬಹುದಾದ ಪ್ರತಿಯೊಂದು ಅಪಾಯಕ್ಕೂ ಅಲ್ಲಿ ಒಂದು ಉತ್ತರವಿತ್ತು. ಹಸಿವಿಗೆ ಕಣಜ, ಬಾಯಾರಿಕೆಗೆ ಹೊಂಡ, ಶತ್ರುವಿಗೆ ಗೋಡೆ, ಭಯಕ್ಕೆ ದೇವರು.

ನಮಿರಾಜನ ಉತ್ತರ

ಶ್ವೇತಾಂಬರ ಆಗಮಗಳಲ್ಲಿ ಸೇರಿದ ಉತ್ತರಾಧ್ಯಯನ ಸೂತ್ರದ ಒಂಬತ್ತನೆಯ ಅಧ್ಯಯನದಲ್ಲಿ ಮಿಥಿಲೆಯ ಅರಸು ನಮಿಯ ಕಥೆ ಬರುತ್ತದೆ. ನಮಿ ರಾಜ್ಯ ತ್ಯಜಿಸಿ ದೀಕ್ಷೆಗೆ ಹೊರಟಾಗ ದೇವೇಂದ್ರ ಬ್ರಾಹ್ಮಣನ ವೇಷದಲ್ಲಿ ಬಂದು ಪರೀಕ್ಷಿಸುತ್ತಾನೆ. ಅರಮನೆ ಉರಿಯುತ್ತಿದೆ ನೋಡು ಎನ್ನುತ್ತಾನೆ. ಉರಿಯುತ್ತಿರುವುದರಲ್ಲಿ ತನ್ನದು ಎಂಬುದು ಏನೂ ಇಲ್ಲ ಎಂದು ನಮಿ ಶಾಂತನಾಗಿ ಉತ್ತರಿಸುತ್ತಾನೆ. ಆಗ ಇಂದ್ರ ಮತ್ತೊಂದು ಮಾತನ್ನು ಮುಂದಿಡುತ್ತಾನೆ. ಕ್ಷತ್ರಿಯನೇ, ಮೊದಲು ನಗರಕ್ಕೆ ಪ್ರಾಕಾರ ಕಟ್ಟಿಸು, ಹೆಬ್ಬಾಗಿಲು ನಿಲ್ಲಿಸು, ಕೊತ್ತಲ ಎಬ್ಬಿಸು, ಕಂದಕ ತೋಡಿಸು, ಶತಘ್ನಿಗಳನ್ನು ಹೂಡಿಸು, ಆಮೇಲೆ ಹೊರಡು ಎನ್ನುತ್ತಾನೆ. ಅರಸನಾದವನಿಗೆ ಇದಕ್ಕಿಂತ ಸಹಜವಾದ ಸಲಹೆ ಇನ್ನೊಂದಿಲ್ಲ.

ನಮಿಯ ಉತ್ತರದ ತಿರುಳು ಇದು: ಶ್ರದ್ಧೆಯೇ ತನ್ನ ನಗರ. ತಪಸ್ಸು ಮತ್ತು ಸಂವರ ಅದರ ಬಾಗಿಲಿನ ಅಗುಳಿ. ಕ್ಷಮೆಯೇ ಅದರ ಕೋಟೆಗೋಡೆ. ಮನಸ್ಸು, ಮಾತು, ಕಾಯಗಳ ಮೂರು ಗುಪ್ತಿಗಳು ಅದರ ಕಾವಲು. ಪರಾಕ್ರಮ ಬಿಲ್ಲು, ಎಚ್ಚರದ ನಡೆ ಅದರ ಹೆದೆ, ತಪಸ್ಸು ಬಾಣ, ಭೇದಿಸಬೇಕಾದದ್ದು ಕರ್ಮದ ಕವಚ. ಈ ಯುದ್ಧ ಗೆದ್ದವನಿಗೆ ಬೇರೆ ಯುದ್ಧ ಉಳಿಯುವುದಿಲ್ಲ.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ನಮಿ ಕೋಟೆಯೇ ಬೇಡ ಎನ್ನಲಿಲ್ಲ. ಕೋಟೆ, ಅಗುಳಿ, ಕಾವಲು, ಆಯುಧ ಎಲ್ಲವನ್ನೂ ಒಪ್ಪಿ, ಅವನ್ನು ಕಟ್ಟಬೇಕಾದ ಜಾಗವನ್ನು ಬದಲಿಸಿದನು. ಗುಪ್ತಿ ಎಂಬ ಪದದ ಅರ್ಥವೇ ರಕ್ಷಣೆ. ಜೀವವು ತನ್ನನ್ನು ಕಾಪಾಡಿಕೊಳ್ಳಬಯಸುವುದು ತಪ್ಪಲ್ಲ. ಯಾವುದನ್ನು ಕಾಪಾಡಿಕೊಳ್ಳಬೇಕು, ಯಾವುದರಿಂದ ಕಾಪಾಡಿಕೊಳ್ಳಬೇಕು ಎಂಬ ವಿವೇಕ ಬೇಕು.

ಕಿಂಡಿಯ ಪಾಠ

ಚಿತ್ರದುರ್ಗದ ಕೋಟೆಯಲ್ಲಿ ಎಲ್ಲರೂ ಹುಡುಕಿಕೊಂಡು ಹೋಗುವ ಜಾಗ ಒಂದು ಅರಮನೆಯಲ್ಲ, ಗುಡಿಯಲ್ಲ. ಅದು ಬಂಡೆಗಳ ನಡುವಿನ ಒಂದು ಸಣ್ಣ ಸಂದು, ಓಬವ್ವನ ಕಿಂಡಿ. ಹೈದರಾಲಿಯ ಮುತ್ತಿಗೆಯ ಕಾಲದಲ್ಲಿ ಕಾವಲುಗಾರ ಊಟಕ್ಕೆ ಕುಳಿತಿದ್ದಾಗ, ನೀರು ತರಲು ಹೋದ ಅವನ ಹೆಂಡತಿ ಓಬವ್ವ ಆ ಸಂದಿನಲ್ಲಿ ಶತ್ರುಸೈನಿಕರು ಒಬ್ಬೊಬ್ಬರಾಗಿ ನುಸುಳುವುದನ್ನು ಕಂಡು ಒನಕೆ ಹಿಡಿದು ನಿಂತಳೆಂದು ಜನರ ನೆನಪು ಹೇಳುತ್ತದೆ. ಏಳು ಸುತ್ತಿನ ಗೋಡೆ, ಕೊತ್ತಲ, ತೋಪು ಎಲ್ಲವೂ ಇದ್ದ ಕೋಟೆಗೆ ಅಪಾಯ ಬಂದದ್ದು ಒಬ್ಬ ಮನುಷ್ಯ ತೆವಳಿ ಬರಬಹುದಾದಷ್ಟು ತೆರಪಿನಿಂದ.

ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ಆಸ್ರವವನ್ನೂ ಒಂಬತ್ತನೆಯ ಅಧ್ಯಾಯ ಸಂವರವನ್ನೂ ವಿವರಿಸುತ್ತದೆ. ಮನಸ್ಸು, ಮಾತು, ಕಾಯಗಳ ಚಲನೆಯ ಮೂಲಕ ಕರ್ಮಪರಮಾಣುಗಳು ಆತ್ಮದತ್ತ ಹರಿದು ಬರುವುದು ಆಸ್ರವ. ಆ ದಾರಿಯನ್ನು ಮುಚ್ಚುವುದು ಸಂವರ. ಸಂವರಕ್ಕೆ ಮೂರು ಗುಪ್ತಿ, ಐದು ಸಮಿತಿ, ಹತ್ತು ಧರ್ಮ, ಹನ್ನೆರಡು ಅನುಪ್ರೇಕ್ಷೆ, ಇಪ್ಪತ್ತೆರಡು ಪರೀಷಹಜಯ, ಐದು ಚಾರಿತ್ರ ಎಂದು ಒಟ್ಟು 57 ಸಾಧನಗಳನ್ನು ಹೇಳಿದೆ. ಇಷ್ಟೊಂದು ಏಕೆ ಎಂದು ಕೇಳುವವರು ಕಿಂಡಿಯ ಮುಂದೆ ಒಂದು ಗಳಿಗೆ ನಿಲ್ಲಬೇಕು. ಮನುಷ್ಯ ದೊಡ್ಡ ಪಾಪದ ಹೆಬ್ಬಾಗಿಲಿಗೆ ಸಾಮಾನ್ಯವಾಗಿ ಕಾವಲಿಟ್ಟಿರುತ್ತಾನೆ. ಕೊಲೆ, ಕಳ್ಳತನಗಳು ಅವನ ಮನೆಯೊಳಗೆ ನೇರವಾಗಿ ಬರುವುದಿಲ್ಲ. ಬರುವುದು ಒಂದು ಕುಹಕದ ಮಾತು, ತೂಕದಲ್ಲಿ ಒಂದಿಷ್ಟು ಕಡಿಮೆ, ನೆರೆಯವನ ಏಳಿಗೆ ಕಂಡಾಗಿನ ಕ್ಷಣದ ಕಿರಿಕಿರಿ. ಅವು ಒಂದೊಂದಾಗಿ ನುಸುಳುತ್ತವೆ.

ಕಾವಲುಗಾರನನ್ನು ದೂರಬೇಕಾಗಿಲ್ಲ, ದೇಹ ಇರುವವನಿಗೆ ಹಸಿವೂ ಇರುತ್ತದೆ. ಭಗವಾನ್ ಮಹಾವೀರರು ತಮ್ಮ ಪಟ್ಟಶಿಷ್ಯ ಗೌತಮರಿಗೆ ಒಂದು ಕ್ಷಣವೂ ಪ್ರಮಾದ ಬೇಡವೆಂದು ಮತ್ತೆ ಮತ್ತೆ ಹೇಳಿದ್ದು, ಗೌತಮರಂಥವರಿಗೂ ಎಚ್ಚರ ತಪ್ಪುವ ಕ್ಷಣ ಇರುತ್ತದೆಂದೇ. ಮನೆಯ ಒಬ್ಬರು ಊಟಕ್ಕೆ ಕುಳಿತಾಗ ಇನ್ನೊಬ್ಬರು ಎಚ್ಚರವಾಗಿರಬೇಕು. ಸತ್ಸಂಗ, ಸ್ವಾಧ್ಯಾಯ, ಸಂಜೆಯ ಪ್ರತಿಕ್ರಮಣಗಳು ಜೀವದ ಮನೆಯಲ್ಲಿ ಆ ಇನ್ನೊಬ್ಬರಂತೆ.

ಓಬವ್ವ ಕೈಗೆತ್ತಿಕೊಂಡದ್ದು ಹಿಂಸೆಯಲ್ಲವೇ ಎಂಬ ಪ್ರಶ್ನೆ ಅಹಿಂಸೆಯನ್ನು ಪರಮಧರ್ಮವೆಂದು ನಂಬಿದವರಿಗೆ ಬಾರದಿರದು. ಶ್ರಾವಕಾಚಾರದಲ್ಲಿ ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕು ಬಗೆಯಾಗಿ ವಿಂಗಡಿಸುತ್ತಾರೆ. ಕೊಲ್ಲಬೇಕೆಂಬ ಉದ್ದೇಶದಿಂದಲೇ ಮಾಡುವ ಸಂಕಲ್ಪಿ ಹಿಂಸೆಯನ್ನು ಗೃಹಸ್ಥ ಪೂರ್ಣವಾಗಿ ಬಿಡಬೇಕು. ಅಡುಗೆ, ಬೇಸಾಯ, ವೃತ್ತಿಗಳಲ್ಲಿ ಅನಿವಾರ್ಯವಾಗಿ ಆಗುವುದನ್ನು ಆದಷ್ಟು ಕಡಿಮೆ ಮಾಡಬೇಕು. ತನ್ನವರನ್ನು ಉಳಿಸಲು ದಾಳಿಕೋರನನ್ನು ತಡೆಯುವಾಗ ಆಗುವುದು ವಿರೋಧಿ ಹಿಂಸೆ. ಗೃಹಸ್ಥನಿಗೆ ಅದು ಸಂಪೂರ್ಣ ನಿಷಿದ್ಧವಲ್ಲ. ಹಾಗೆಂದು ಅದು ಹಿಂಸೆಯಲ್ಲದೆ ಹೋಗುವುದೂ ಇಲ್ಲ. ಓಬವ್ವನ ಧೈರ್ಯಕ್ಕೆ ಕೈಮುಗಿಯುತ್ತಲೇ, ಕಿಂಡಿಯಲ್ಲಿ ಸತ್ತ ಹೆಸರಿಲ್ಲದ ಸೈನಿಕರಿಗೂ ಮನೆ, ತಾಯಿ ಇದ್ದರೆಂದು ನೆನೆಯುವುದು ಜೈನದೃಷ್ಟಿ.

ಯಾರ ಕೋಟೆ, ಯಾರ ಶರಣು

ಕಿಂಡಿಯನ್ನು ಒಬ್ಬಳು ಹೆಂಗಸು ಕಾಯ್ದಳು. ಆದರೂ ಕೋಟೆ ಉಳಿಯಲಿಲ್ಲ. ಕೊನೆಯ ಅರಸು ಮದಕರಿ ನಾಯಕ ಹಲವು ದಂಡಯಾತ್ರೆಗಳಲ್ಲಿ ಹೈದರನ ಪಕ್ಕದಲ್ಲಿ ಕಾದಿದವನು. ಮೈಸೂರು, ಮರಾಠರು, ನಿಜಾಮ ಎಂಬ ದೊಡ್ಡ ಶಕ್ತಿಗಳ ಸೆಣಸಾಟದ ನಡುವೆ ಆ ನಂಟು ಹಗೆಯಾಯಿತು. ಮುತ್ತಿಗೆಯ ಮೇಲೆ ಮುತ್ತಿಗೆ ನಡೆದು 1779ರಲ್ಲಿ ಕೋಟೆ ಹೈದರನ ವಶವಾಯಿತು. ಗೋಡೆ ಒಡೆದು ಶತ್ರು ಒಳಬಂದನೆಂದು ಚಿತ್ರದುರ್ಗದವರು ಹೇಳುವುದಿಲ್ಲ. ಒಳಗಿನವರೇ ಕೈಕೊಟ್ಟರೆಂದು ಹೇಳುತ್ತಾರೆ. ನಾಯಕನನ್ನೂ ಅವನ ಕುಟುಂಬದವರನ್ನೂ ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಒಯ್ದರು. ಬೆಟ್ಟದ ಕಾವಲಿಗೆ ನಿಂತ ಸಾವಿರಾರು ಬೇಡ ಕುಟುಂಬಗಳನ್ನೂ ನೆಲೆಯಿಂದ ಎಬ್ಬಿಸಿ ಅಲ್ಲಿಗೆ ಸಾಗಿಸಿದರು. ತ.ರಾ.ಸು. ಅವರ ‘ದುರ್ಗಾಸ್ತಮಾನ’ ಓದಿದ ಕನ್ನಡಿಗರಿಗೆ ಆ ಸಂಕಟ ಗೊತ್ತಿದೆ.

ಗೆದ್ದವರ ಕಥೆಯೂ ಇಲ್ಲಿಗೆ ಮುಗಿಯುವುದಿಲ್ಲ. ಹೈದರ್ 1782ರಲ್ಲಿ ತೀರಿಕೊಂಡನು. ಇಪ್ಪತ್ತು ವರ್ಷ ಕಳೆಯುವಷ್ಟರಲ್ಲಿ, 1799ರ ಮೇ 4ರಂದು, ಮದಕರಿಯನ್ನು ಸೆರೆಯಿಟ್ಟಿದ್ದ ಶ್ರೀರಂಗಪಟ್ಟಣದ ಕೋಟೆಯೇ ಇಂಗ್ಲಿಷರ ತೋಪಿಗೆ ಬಿರುಕುಬಿಟ್ಟಿತು. ಟಿಪ್ಪು ಅದರೊಳಗೇ ಮಡಿದನು. ಶ್ರೀರಂಗಪಟ್ಟಣ ಗೆದ್ದ ಸಾಮ್ರಾಜ್ಯವೂ 1947ರಲ್ಲಿ ಹಡಗು ಹತ್ತಿತು. ಅಶರಣ ಭಾವನೆ ಹೇಳುವುದು ಇದನ್ನೇ. ಕರ್ಮದ ಉದಯಕಾಲ ಬಂದಾಗ ಮಣಿ, ಮಂತ್ರ, ಔಷಧ, ಆನೆ, ಕುದುರೆ, ಕೋಟೆ ಯಾವುದೂ ಜೀವಕ್ಕೆ ಶರಣಾಗುವುದಿಲ್ಲ. ಒಳಗಿನಿಂದ ಕದ ತೆಗೆಯುವವರ ಹೆಸರು ಪ್ರತಿಯೊಂದು ಜೀವದಲ್ಲಿಯೂ ಒಂದೇ: ಕ್ರೋಧ, ಮಾನ, ಮಾಯೆ, ಲೋಭ. ಈ ನಾಲ್ಕು ಕಷಾಯಗಳು ಹೊರಗಿನ ಶತ್ರುಗಳಲ್ಲ. ಅವು ಒಳಗೆ ಅನ್ನ ತಿಂದು ಬೆಳೆದವು.

ಆದಿಪುರಾಣದಲ್ಲಿ ಭರತ ಚಕ್ರವರ್ತಿಯ ಪ್ರಸಂಗವೊಂದಿದೆ. ಪಂಪ 941ರಲ್ಲಿ ಅದನ್ನು ಕನ್ನಡಕ್ಕೆ ತಂದನು. ಷಟ್ಖಂಡ ಗೆದ್ದ ಭರತ ತನ್ನ ಕೀರ್ತಿಯನ್ನು ಕೆತ್ತಿಸಲು ವೃಷಭಾಚಲಕ್ಕೆ ಹೋದಾಗ ಅಲ್ಲಿ ಒಂದು ಗೇಣು ಜಾಗವೂ ಉಳಿದಿರಲಿಲ್ಲ. ಅವನಿಗಿಂತ ಹಿಂದೆ ಲೋಕ ಗೆದ್ದವರ ಹೆಸರುಗಳಿಂದಲೇ ಬೆಟ್ಟ ತುಂಬಿಹೋಗಿತ್ತು. ಒಬ್ಬನ ಹೆಸರನ್ನು ಅಳಿಸಿದ ಮೇಲೆ ಭರತನ ಹೆಸರಿಗೆ ಎಡೆಯಾಯಿತು. ಅಳಿಸಿ ಬರೆದವನಿಗೆ ತನ್ನದೂ ಅಳಿಯುವುದೆಂದು ಹೇಳಿಕೊಡಬೇಕಾಗಿಲ್ಲ.

ಅನಿತ್ಯವೆಂದರೆ ಎಲ್ಲವೂ ಶೂನ್ಯವೆಂದಲ್ಲ. ಪ್ರತಿಯೊಂದು ದ್ರವ್ಯವೂ ಉತ್ಪಾದ, ವ್ಯಯ, ಧ್ರೌವ್ಯಗಳಿಂದ ಕೂಡಿದೆ ಎಂಬುದು ಜಿನಮತ. ಹುಟ್ಟುವುದೂ ಅಳಿಯುವುದೂ ಪರ್ಯಾಯ; ಉಳಿಯುವುದು ದ್ರವ್ಯ. ಬಂಡೆ ಗೋಡೆಯಾಯಿತು, ಗೋಡೆ ಕುಸಿದು ಮತ್ತೆ ಕಲ್ಲಾಯಿತು. ಕೋಟೆ ಎಂಬುದು ಆ ಕಲ್ಲುಗಳು ಕೆಲಕಾಲ ತಾಳಿದ ಒಂದು ರೂಪ. ನಾಯಕ, ನವಾಬ, ಸೇವಕ, ಪ್ರವಾಸಿ ಎಂಬುವೂ ಜೀವ ಕೆಲಕಾಲ ತಾಳಿದ ರೂಪಗಳೇ. ರೂಪ ಕಳೆದುಹೋದುದಕ್ಕೆ ಅಳುವವನು ಉಳಿದಿರುವುದನ್ನು ನೋಡಬೇಕು.

ಹೊಂಡದ ನೀರು

ಕೋಟೆಯಲ್ಲಿ ಗೋಡೆಗಿಂತಲೂ ಮೆಚ್ಚಬೇಕಾದದ್ದು ನೀರಿನ ಏರ್ಪಾಟು. ಬೆಟ್ಟದ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡದಲ್ಲಿ ನಿಂತು, ಅದು ತುಂಬಿದ ಮೇಲೆ ಅಕ್ಕ-ತಂಗಿ ಹೊಂಡಕ್ಕೆ ಇಳಿದು, ಅಲ್ಲಿಂದ ಕೆಳಗಿನ ಹೊಂಡಗಳತ್ತ ಹರಿಯುವಂತೆ ಕಟ್ಟಿದವರು ಯೋಜಿಸಿದ್ದರು. ಅರಸುತನ ಹೋಗಿ ಎರಡು ಶತಮಾನ ಕಳೆದರೂ ಮಳೆಗಾಲದಲ್ಲಿ ಹೊಂಡಗಳು ತುಂಬುತ್ತವೆ. ಹಿಡಿದಿಟ್ಟುಕೊಳ್ಳಲು ಕಟ್ಟಿದ ಗೋಡೆ ಬಿದ್ದಿತು. ಹಂಚಿಕೊಳ್ಳಲು ಕಟ್ಟಿದ ಹೊಂಡ ಇಂದಿಗೂ ಕೆಲಸ ಮಾಡುತ್ತಿದೆ.

ಉತ್ತರಾಧ್ಯಯನದಲ್ಲಿ ನಿರ್ಜರೆಯನ್ನು ತಿಳಿಸಲು ಕೆರೆಯ ಹೋಲಿಕೆಯೇ ಬಂದಿದೆ. ದೊಡ್ಡ ಕೆರೆಯನ್ನು ಬರಿದು ಮಾಡಬೇಕಾದರೆ ಮೊದಲು ನೀರು ಬರುವ ತೂಬನ್ನು ಮುಚ್ಚಬೇಕು. ಆಮೇಲೆ ಇದ್ದ ನೀರನ್ನು ಎತ್ತಿ ಹಾಕಬೇಕು, ಉಳಿದದ್ದು ಬಿಸಿಲಿಗೆ ಆರಬೇಕು. ಹಾಗೆಯೇ ಸಂವರದಿಂದ ಹೊಸ ಕರ್ಮದ ಹರಿವನ್ನು ತಡೆದು, ತಪಸ್ಸಿನ ಬಿಸಿಲಿನಲ್ಲಿ ಹಳೆಯ ಕರ್ಮವನ್ನು ಆರಿಸಬೇಕು. ತೂಬು ತೆರೆದಿಟ್ಟು ಉಪವಾಸ ಮಾಡುವವನು ಒಂದು ಕಡೆ ಎತ್ತಿಹಾಕುತ್ತ ಇನ್ನೊಂದು ಕಡೆ ತುಂಬಿಸಿಕೊಳ್ಳುತ್ತಾನೆ.

ಉಚ್ಚಂಗಿಯಿಂದ ವಿಂಧ್ಯಗಿರಿಗೆ

ಚಿತ್ರದುರ್ಗದ ಉಚ್ಚಂಗಿ ಬಾಗಿಲಿನ ಹೆಸರು ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗವನ್ನು ನೆನಪಿಗೆ ತರುತ್ತದೆ. ಚಿತ್ರದುರ್ಗದ ನಾಯಕರಿಗಿಂತ ಆರು ಶತಮಾನ ಮೊದಲು, ಹತ್ತನೆಯ ಶತಮಾನದಲ್ಲಿ, ಈ ಸೀಮೆ ನೊಳಂಬವಾಡಿಯಾಗಿತ್ತು. ಗಂಗರ ಸೇನಾನಿ ಚಾವುಂಡರಾಯ ಅಂದು ಉಚ್ಚಂಗಿಯ ಕೋಟೆಯಲ್ಲಿ ಕಾದಿ ‘ರಣರಂಗಸಿಂಗ’ ಎಂಬ ಬಿರುದು ಪಡೆದನು. ಗೋನೂರಿನ ಕಾಳಗ ಅವನಿಗೆ ‘ವೀರಮಾರ್ತಂಡ’ ಎಂಬ ಬಿರುದು ತಂದಿತು. ಕೋಟೆಗಳನ್ನು ಮುರಿಯುವುದು ಹೇಗೆಂದು ಅವನಷ್ಟು ಬಲ್ಲವರು ಆ ಕಾಲದ ಕರ್ನಾಟಕದಲ್ಲಿ ಕಡಿಮೆ.

ಅದೇ ಚಾವುಂಡರಾಯ 978ರಲ್ಲಿ ತ್ರಿಷಷ್ಟಿ ಶಲಾಕಾಪುರುಷರ ಚರಿತೆಯನ್ನು ಕನ್ನಡ ಗದ್ಯದಲ್ಲಿ ಬರೆದನು. ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ 981ರ ಸುಮಾರಿಗೆ 58 ಅಡಿಯ ಬಾಹುಬಲಿಯ ಮೂರ್ತಿಯನ್ನು ನಿಲ್ಲಿಸಿದನು. ತನಗೆ ಗೊತ್ತಿದ್ದ ಯಾವ ವಿಜೇತನನ್ನೂ ಅವನು ಆರಿಸಿಕೊಳ್ಳಲಿಲ್ಲ. ಅಣ್ಣ ಭರತನನ್ನು ಗೆದ್ದು, ಗೆದ್ದ ಕ್ಷಣದಲ್ಲಿಯೇ ಗೆಲುವನ್ನು ಕೆಳಗಿಟ್ಟ ಬಾಹುಬಲಿಯನ್ನು ಆರಿಸಿಕೊಂಡನು. ಆ ಮೂರ್ತಿಯ ಕೈಯಲ್ಲಿ ಆಯುಧವಿಲ್ಲ, ಮೈಮೇಲೆ ಕವಚವಿಲ್ಲ, ಬಟ್ಟೆಯೂ ಇಲ್ಲ. ಕಾಲಿಗೆ ಹುತ್ತ, ತೋಳಿಗೆ ಬಳ್ಳಿ. ಕಾಪಾಡಿಕೊಳ್ಳಲು ಏನನ್ನೂ ಉಳಿಸಿಕೊಳ್ಳದ ಆ ಮೂರ್ತಿ ಸಾವಿರ ವರ್ಷಗಳಿಂದ ಬಿಸಿಲು, ಮಳೆಗಳಲ್ಲಿ ನಿಂತಿದೆ. ಅಧಿಕಾರ ಯಾರದೇ ಆಗಲಿ, ಜನ ಅದರ ಕಡೆಗೆ ಬೆಟ್ಟ ಹತ್ತುತ್ತಲೇ ಇದ್ದಾರೆ.

ಅದಕ್ಕೆ ಎದುರಾಗಿ ಹೆಸರು ಹೇಳಬಹುದಾದ ಇನ್ನೊಂದು ಬೆಟ್ಟವಿದೆ: ಚಂದ್ರಗಿರಿ. ಚಂದ್ರಗುಪ್ತ ಮೌರ್ಯ ಸಾಮ್ರಾಜ್ಯ ತೊರೆದು, ಭದ್ರಬಾಹು ಮುನಿಗಳೊಡನೆ ಬಂದು ಅಲ್ಲಿ ಸಲ್ಲೇಖನದಿಂದ ದೇಹ ಬಿಟ್ಟನೆಂದು ಜೈನಪರಂಪರೆ ನಂಬುತ್ತದೆ. ಉಳಿಸಿಕೊಳ್ಳಲೆಂದು ಹತ್ತುವ ಬೆಟ್ಟ ಒಂದು, ಬಿಡಲೆಂದು ಹತ್ತುವ ಬೆಟ್ಟ ಇನ್ನೊಂದು. ಕನ್ನಡನಾಡಿನಲ್ಲಿ ಎರಡೂ ಇವೆ.

ಇಂದಿನ ಕೋಟೆ

ಚಿತ್ರದುರ್ಗದ ಕೋಟೆ ಈಗ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ. ಊರನ್ನು ಕಾಯಲೆಂದು ಕಟ್ಟಿದ ಕೋಟೆಯನ್ನೇ ಈಗ ಕಾಯಬೇಕಾಗಿದೆ. ಯಾರಿಂದ ಎಂದು ಕೇಳಿದರೆ ಉತ್ತರ ಹಳೆಯದೇ. ನಾಡಿನ ಹಾಳು ಕೋಟೆಗಳಲ್ಲಿ, ಪಾಳುಗುಡಿಗಳಲ್ಲಿ ನಿಧಿಯ ಆಸೆಗೆ ನೆಲ ಅಗೆಯುವವರು, ವಿಗ್ರಹ ಕೀಳುವವರು ಇಂದಿಗೂ ಇದ್ದಾರೆ. ಅರಸರು ಹೋದರು, ಲೋಭ ಹೋಗಿಲ್ಲ. ಹಳೆಯ ಬಂಡೆಗಳ ಮೇಲೆ ಮೊಳೆಯಿಂದ ತಮ್ಮ ಹೆಸರು ಗೀಚಿ ಹೋಗುವ ಪ್ರವಾಸಿಗಳೂ ಇದ್ದಾರೆ. ವೃಷಭಾಚಲದ ಕಥೆ ಅವರಿಗೆ ಯಾರೂ ಹೇಳಿಲ್ಲ. ಕೊಡದೆ ಇದ್ದುದನ್ನು ಮುಟ್ಟಬಾರದೆಂಬ ಅಚೌರ್ಯವ್ರತ ಬೆಲೆಬಾಳುವ ವಸ್ತುಗಳಿಗೆ ಮಾತ್ರ ಸಂಬಂಧಿಸಿದ್ದಲ್ಲ. ಸತ್ತವರ ಶ್ರಮಕ್ಕೂ ಮುಂದೆ ಹುಟ್ಟುವವರ ಪಾಲಿಗೂ ಅದು ಸಲ್ಲುತ್ತದೆ.

ಇಂದಿನ ಮನುಷ್ಯನೂ ಕೋಟೆ ಕಟ್ಟುತ್ತಲೇ ಇದ್ದಾನೆ. ಕಾಂಪೌಂಡಿನ ಮೇಲೆ ಗಾಜಿನ ಚೂರು, ಬಾಗಿಲಿಗೆ ಕ್ಯಾಮೆರಾ, ಬ್ಯಾಂಕಿನಲ್ಲಿ ಲಾಕರು. ಗೃಹಸ್ಥನಿಗೆ ಇವು ಬೇಡವೆಂದು ಶಾಸ್ತ್ರ ಹೇಳುವುದಿಲ್ಲ; ಪರಿಗ್ರಹಕ್ಕೆ ಒಂದು ಪರಿಮಾಣ ಹಾಕಿಕೊ ಎನ್ನುತ್ತದೆ. ಎಷ್ಟು ಸಾಕು ಎಂಬುದನ್ನು ತಾನೇ ನಿರ್ಧರಿಸಿ ಅಲ್ಲಿ ನಿಲ್ಲುವುದು ಪರಿಗ್ರಹ ಪರಿಮಾಣ ಅಣುವ್ರತ. ಹಾಗೆ ನಿಲ್ಲದವನು ಒಂದು ಗೋಡೆಯ ಹೊರಗೆ ಮತ್ತೊಂದನ್ನು ಕಟ್ಟುತ್ತ ಏಳನೆಯ ಸುತ್ತಿಗೆ ಬಂದರೂ ಭಯ ಹೊರಗೆ ಹೋಗಿರುವುದಿಲ್ಲ. ಅದು ಒಳಗಿನ ಮೊದಲನೆಯ ಸುತ್ತಿನಲ್ಲಿಯೇ ಇರುತ್ತದೆ.

ಸಂಜೆಯಾದಾಗ ಕಾವಲಿನವರು ಶೀಟಿ ಊದಿ ಪ್ರವಾಸಿಗಳನ್ನು ಕೆಳಗಿಳಿಸುತ್ತಾರೆ. ಒಂದು ಕಾಲದಲ್ಲಿ ಅನುಮತಿಯಿಲ್ಲದೆ ಹಕ್ಕಿಯೂ ದಾಟಲಾರದ ಬಾಗಿಲುಗಳಲ್ಲಿ ಮಕ್ಕಳು ಓಡಿಕೊಂಡು ಹೊರಬರುತ್ತಾರೆ. ಬಾಗಿಲಿಗೆ ಕದವಿಲ್ಲ, ಅಗುಳಿ ಹೂಡುತ್ತಿದ್ದ ಕಲ್ಲಿನ ತೂತು ಮಾತ್ರ ಉಳಿದಿದೆ. ಆ ತೂತಿನ ಮೇಲೊಮ್ಮೆ ಕೈಯಿಟ್ಟು, ತನ್ನ ಮನಸ್ಸಿನ ಬಾಗಿಲಿಗೆ ಅಗುಳಿ ಇದೆಯೇ ಎಂದು ಕೇಳಿಕೊಂಡವನಿಗೆ ಚಿತ್ರದುರ್ಗದ ಯಾತ್ರೆ ಸಾರ್ಥಕ. ಅಂದು ರಾತ್ರಿ ಮಲಗುವ ಮುನ್ನ ಒಬ್ಬರನ್ನಾದರೂ ಕ್ಷಮಿಸಿದರೆ, ನಮಿರಾಜನ ಕೋಟೆಗೆ ಒಂದು ಕಲ್ಲು ಇಟ್ಟಂತಾಯಿತು.